ಲಸಿಕೆ ಹಾಕಿದ್ರೂ ಕೋಳಿಗೆ ಕೊಕ್ಕರೆ ರೋಗ: ಕಾರಣ ನೀರಿನಲ್ಲಿತ್ತು

ಮಾಲೂರು ಹತ್ತಿರ ನಮ್ಮ ಕೋಳಿ ಶೆಡ್ಡು. ಕೊಕ್ಕರೆ ರೋಗ (ರಾಣಿಕೇತ್ ಎಂಬ ವೈರಸ್ ರೋಗ) ತಡೆಯುವ ಲಸೋಟಾ ಲಸಿಕೆಯನ್ನು ನೀರಿನಲ್ಲಿ ಬೆರೆಸಿ ಕುಡಿಸಿದ ಮೇಲೂ ಆ ರೋಗ ಬಂತು. ಪಶುವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ಲಸಿಕೆಯ ಫಲ ಬಹುತೇಕ ಕೋಳಿಗಳಲ್ಲಿ ಕಾಣಲೇ ಇಲ್ಲ.

ಈ ಲಸಿಕೆಯ ವೈರಸ್ಸನ್ನು ಮರಿ ಬೆಳೆಯುತ್ತಿರುವ ಮೊಟ್ಟೆಯೊಳಗೆ ಬೆಳೆಸಿ, ಒಣಗಿಸಿ ಬಾಟಲಿಗೆ ತುಂಬುತ್ತಾರೆ. ಅದು ಜೀವ ಇರುವ ವೈರಸ್. ಸತ್ತರೆ ಲಸಿಕೆ ಸುಮ್ನೆ ನೀರು, ಅಲ್ವಾ? ಶೆಡ್ಡಿಗೆ ಬರುತ್ತಿದ್ದ ಟ್ಯಾಂಕರ್ ನೀರಿಗೆ ಕ್ಲೋರಿನ್ ಹಾಕಿದ್ದರು. ಅದೇ ವೈರಸ್ಸನ್ನು ಕೊಲ್ಲುತ್ತಿತ್ತು. ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿಟ್ಟು ಕಾಪಾಡಿದ್ದೆಲ್ಲ ವ್ಯರ್ಥ!

ಈಗ ಕ್ಲೋರಿನ್ ಇಲ್ಲದ ಬೋರ್‌ವೆಲ್ ನೀರು ಬಳಸುತ್ತೇವೆ. ವೈರಸ್ ಸಾಯದಂತೆ ಕಾಪಾಡಲು ಲೀಟರಿಗೆ ಸುಮಾರು 2.5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕಲಸಿ, ಅರ್ಧ ಗಂಟೆ ಬಿಟ್ಟು ಲಸಿಕೆ ಬೆರೆಸುತ್ತೇವೆ. ಪ್ಲಾಸ್ಟಿಕ್ ಬಕೆಟ್ಟೇ ಬೇಕು, ಲೋಹದ್ದು ಬೇಡ. ತಂಪಾದ ಬೆಳಗ್ಗೆ ಕೋಳಿಗಳಿಗೆ ಸ್ವಲ್ಪ ಬಾಯಾರಿಕೆ ಆಗಲು ಬಿಟ್ಟು ಕೊಡುತ್ತೇವೆ, ಎರಡು ಗಂಟೆಯೊಳಗೆ ಕುಡಿದು ಮುಗಿಸಬೇಕು. ನೀರಿನ ಪೈಪು ತೊಳೆದ ಸೋಂಕುನಾಶಕ ಉಳಿಯದಂತೆ ಮೊದಲೇ ಜಾಲಿಸುವುದು ಬಹಳ ಮುಖ್ಯ.

ಮುಂದಿನ ಬ್ಯಾಚಿನ ರಕ್ತ ಪರೀಕ್ಷೆ ಚೆನ್ನಾಗಿ ಬಂತು. ರೋಗ ಮರಳಲಿಲ್ಲ.