ಹಳೇ ಲೇತಿಗೆ ಸಿಎನ್‌ಸಿ ಕೂಡ್ಸವ್ರು ಸ್ಪಿಂಡಲ್ ಮೋಟರ್ ತಗೊಳ್ಳೋ ಮುಂಚೆ ಇದನ್ನ ನೋಡ್ರಿ

ಹುಬ್ಬಳ್ಳಿ ಗೋಕುಲ ರೋಡ್, ತಾರಿಹಾಳ ಕಡೆ ಹಳೇ ಲೇತಿಗೆ ಸಿಎನ್‌ಸಿ (ಕಂಪ್ಯೂಟರಿಂದ ಮಶೀನ್ ನಡ್ಸೋದು) ಕೂಡ್ಸಾಕತ್ತವ್ರಿಗೆ ಒಂದ್ ಮಾತ್ರಿ, ಸ್ಪಿಂಡಲ್ (ಚಕ್ ತಿರಗ್ಸೋ ಶಾಫ್ಟ್) ತಿರಗ್ಸಾಕ ಇದ್ದ ಮೋಟರಿಗೇ ವಿಎಫ್‌ಡಿ (ಮೋಟರ್ ಸ್ಪೀಡ್ ಹೆಚ್ಚು-ಕಡಿಮಿ ಮಾಡೋ ಡ್ರೈವ್) ಹಚ್ಚಿದ್ರ ಆತು ಅನ್ಬ್ಯಾಡ್ರಿ. ನಾನೂ ಹಂಗ ಮಾಡಿದ್ದೆ, 5 ಎಚ್‌ಪಿ 1440 ಆರ್‌ಪಿಎಂ ಮೋಟರ್, ಗೇರ್ ತಗದು ನೇರ ಬೆಲ್ಟ್ ಹಾಕಿ, 300ಕ್ಕ ಇಳ್ಸಿ ದೊಡ್ಡ ಫ್ಲ್ಯಾಂಜ್ ಫೇಸಿಂಗ್ (ಮುಖ ಸಪಾಟ ಮಾಡೋದು) ಹಚ್ಚಿದ್ರ ಟೂಲ್ ಮುಟ್ಟಿದ ಕೂಡ್ಲೇ ಚಕ್ ನಿಂತ್‌ಬಿಡ್ತು. ಸ್ಪೀಡ್ ಇಳ್ಸಿದ್ರ ಮೋಟರಿನ ಟಾರ್ಕ್ (ತಿರಗ್ಸೋ ಜೋರ್) ಅಷ್ಟ ಇರ್ತೈತಿ ಖರೆ, ಆದ್ರ ಪವರ್ ಇಳೀತೈತಿ, 300ಕ್ಕ ಸಿಗೋದು ಬರೇ 1 ಎಚ್‌ಪಿ, ಗೇರ್ ಇದ್ದಾಗ ಇದಕ್ಕ ಐದ್ ಪಟ್ಟು ಜೋರ್ ಇರ್ತಿತ್ತು. ಅದಕ್ಕ ಸ್ಪೀಡ್ ಇಳ್ಸಿ ಜೋರ್ ಹೆಚ್ಚ ಮಾಡೋ ಬ್ಯಾಕ್ ಗೇರ್ ಇದ್ರ ಉಳ್ಸ್ಕೋರಿ, ಇಲ್ಲಂದ್ರ ಮೋಟರಿಗೆ ಸಣ್ಣ ಪುಲ್ಲಿ ಸ್ಪಿಂಡಲಿಗೆ ದೊಡ್ಡದು ಹಾಕ್ರಿ.

ಕಡಿಮಿ ಸ್ಪೀಡಿಗೆ ಮೋಟರ್ ಹಿಂದಿನ ಫ್ಯಾನೂ ನಿಧಾನ ತಿರಗ್ತೈತಿ, ನಮ್ಮ ಏಪ್ರಿಲ್ ಬಿಸಲಾಗ ಬಾಡಿ ಮ್ಯಾಲೆ ಕೈ ಇಡಾಕಾಗಂಗಿಲ್ಲ, ಬ್ಯಾರೆ ಬ್ಲೋವರ್ ಇರೋ ಮೋಟರ್ ತಗೋರಿ. ಡ್ರೈವ್ ವೆಕ್ಟರ್ ಕಂಟ್ರೋಲ್ (ಕಡಿಮಿ ಸ್ಪೀಡಿನ್ಯಾಗೂ ಟಾರ್ಕ್ ಹಿಡ್ದಿಡೋದು) ಇರೋದು ತಗೋರಿ, ಜೊತಿಗೆ ಬ್ರೇಕಿಂಗ್ ರೆಸಿಸ್ಟರ್ (ನಿಲ್ಸುವಾಗ ವಾಪಸ್ ಬರೋ ಕರೆಂಟ್ ಕಾವು ಮಾಡಿ ಕಳ್ಯೋದು), ಅದಿಲ್ಲಂದ್ರ ದೊಡ್ಡ ಚಕ್ ತಟ್ನ ನಿಲ್ಸುವಾಗ ಓವರ್‌ವೋಲ್ಟೇಜ್ ಅಂತ ಟ್ರಿಪ್ ಆಗ್ತೈತಿ. ಥ್ರೆಡ್ಡಿಂಗ್ ಬೇಕಂದ್ರ ಎಷ್ಟು ತಿರಗೇತಿ ಅಂತ ಅಳಿಯೋ ಎನ್‌ಕೋಡರನ್ನ ಟೈಮಿಂಗ್ ಬೆಲ್ಟ್ (ಹಲ್ಲಿನ ಬೆಲ್ಟ್) ಹಾಕಿ ಸ್ಪಿಂಡಲಿಗೇ ಹಚ್ರಿ, ಮೋಟರಿಗೆ ಬ್ಯಾಡ, ವಿ-ಬೆಲ್ಟ್ ಚೂರು ಜಾರಿದ್ರೂ ಥ್ರೆಡ್ ಕೆಡ್ತೈತಿ.