ಕಿಟಕಿ ಸೀಟಲ್ಲಿ ಕೂತ್ಕೊಂಡೇ ವಿಮಾನದ ಹೈಡ್ರಾಲಿಕ್ಸ್ ಅರ್ಥ ಮಾಡ್ಕೊಳೋದು ಹೇಗೆ

ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಕೋರ್ಸ್‌ಗೆ ಸೇರಿರೋ ಹುಡುಗ್ರು ಹೈಡ್ರಾಲಿಕ್ ಸ್ಕೀಮ್ಯಾಟಿಕ್ (ಎಣ್ಣೆ ಒತ್ತಡದಿಂದ ವಿಮಾನದ ಪಾರ್ಟ್‌ಗಳನ್ನ ಆಡ್ಸೋ ಸಿಸ್ಟಮ್ಮಿನ ನಕ್ಷೆ) ನೋಡಿದ ತಕ್ಷಣ ಹೆದರ್ಕೊಂಡ್ಬಿಡ್ತಾರೆ, ಅಷ್ಟೊಂದು ಗೆರೆ, ಅಷ್ಟೊಂದು ವಾಲ್ವ್. ಆ ಚಾರ್ಟ್ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮುಂದಿನ ಸಲ ಏರ್‌ಬಸ್ ಎ320 ಹತ್ತೋವಾಗ ರೆಕ್ಕೆಗಿಂತ ಸ್ವಲ್ಪ ಹಿಂದಿರೋ ಕಿಟಕಿ ಸೀಟ್ ತಗೊಳಿ, ಮೊಬೈಲ್ ಒಳಗಿಡಿ, ಕಣ್ಣು ಕಿವಿ ಎರಡೂ ತೆಗೆದಿಟ್ಕೊಳಿ. ಪ್ರತಿ ಪಾರ್ಟ್ ಬಗ್ಗೆನೂ ಒಂದೇ ಪ್ರಶ್ನೆ ಕೇಳ್ಕೊಳಿ: ಇಲ್ಲಿ ಪೈಪ್ ಒಡೆದು ಎಣ್ಣೆ ಪೂರ್ತಿ ಸೋರಿಹೋದ್ರೆ ಮುಂದೇನು? ನನ್ನ ಪ್ರಕಾರ ಈ ಸಿಸ್ಟಮ್ಮನ್ನ ಹೀಗೆ ಯಾಕೆ ಕಟ್ಟಿದಾರೆ ಅನ್ನೋದಕ್ಕೆ ಮುಕ್ಕಾಲು ಪಾಲು ಉತ್ತರ ಆ ಪ್ರಶ್ನೆಲೇ ಇದೆ.

ಮೊದ್ಲು ಬೇಸಿಕ್. ದ್ರವ ಹೆಚ್ಚುಕಮ್ಮಿ ಕುಗ್ಗಲ್ಲ, ಅದಕ್ಕೆ ಒಂದ್ಕಡೆ ಒತ್ತಿದ್ರೆ ಆ ಒತ್ತಡ ಎಲ್ಲಾ ಕಡೆಗೂ ಸಮನಾಗಿ ಹೋಗತ್ತೆ, ಪಾಸ್ಕಲ್ ನಿಯಮ ಅಂತ ಶಾಲೆಲಿ ಓದಿರ್ತೀವಿ. ಜೆಸಿಬಿ ತೋಳು ಮಣ್ಣೆತ್ತೋದೂ ಇದ್ರಿಂದ್ಲೇ. ಎ320ಯಲ್ಲಿ ಒತ್ತಡ 3000 ಪಿಎಸ್‌ಐ (ಒಂದು ಚದರ ಇಂಚಿಗೆ ಇಷ್ಟು ಪೌಂಡ್ ಅನ್ನೋ ಲೆಕ್ಕ), ಕಾರ್ ಟೈರ್‌ಗೆ ನಾವು ಹಾಕ್ಸೋದು ಸುಮಾರು 32. ಅಂದ್ರೆ ಪ್ರತಿ ಚದರ ಸೆಂಟಿಮೀಟರ್ ಮೇಲೆ 210 ಕೆಜಿ ಹತ್ರ, ಮೂರೂವರೆ ಸೆಂಟಿಮೀಟರ್ ಅಗಲದ ಒಂದು ಪಿಸ್ಟನ್ ಸುಮಾರು ಎರಡು ಟನ್ ತಳ್ಳತ್ತೆ, ನಮ್ಮ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಇರೋ ವಸ್ತು ಇದು ಅಂತ ನೆನಪಿಟ್ಕೊಳಿ. ಎ380, ಎ350, ಬೋಯಿಂಗ್ 787ರಲ್ಲಿ ಇದನ್ನ 5000ಕ್ಕೆ ಏರ್ಸಿದಾರೆ, ಒತ್ತಡ ಜಾಸ್ತಿ ಆದ್ರೆ ಅದೇ ಕೆಲಸಕ್ಕೆ ಸಣ್ಣ ಪಿಸ್ಟನ್ ಸಣ್ಣ ಪೈಪ್ ಸಾಕು, ತೂಕ ಉಳಿಯತ್ತೆ.

ಎಣ್ಣೆ ದಾರಿ ಇಷ್ಟೇ: ರಿಸರ್ವಾಯರ್, ಪಂಪ್, ಫಿಲ್ಟರ್, ವಾಲ್ವ್, ಆಕ್ಚುಯೇಟರ್ (ಎಣ್ಣೆ ಒತ್ತಡಕ್ಕೆ ಆಡಿ ಪಾರ್ಟನ್ನ ಸರಿಸೋ ಭಾಗ), ವಾಪಸ್ ರಿಸರ್ವಾಯರ್. ರಿಸರ್ವಾಯರ್ ಅಂದ್ರೆ ಬರೀ ಡಬ್ಬ ಅನ್ಕೋಬೇಡಿ, ಅದಕ್ಕೂ ಗಾಳಿ ಒತ್ತಡ ಕೊಟ್ಟಿರ್ತಾರೆ, ಇಲ್ಲಾಂದ್ರೆ ಮೇಲೆ ಹೋದಾಗ ಪಂಪ್‌ಗೆ ಎಣ್ಣೆ ಸರಿಯಾಗಿ ಬರದೆ ಗುಳ್ಳೆ ಎದ್ದು ಪಂಪ್ ಹಾಳಾಗತ್ತೆ.

ಪಂಪ್ ಹತ್ರ ಸ್ವಲ್ಪ ನಿಲ್ಲೋಣ, ನನಗೆ ಇಡೀ ಸಿಸ್ಟಮ್ಮಲ್ಲಿ ತುಂಬಾ ಇಷ್ಟದ ಪಾರ್ಟ್ ಇದು. ಒಂದು ಸಿಲಿಂಡರ್ ಬ್ಲಾಕ್ ಒಳಗೆ ಸುತ್ತಲೂ ಸಣ್ಣ ಸಣ್ಣ ಪಿಸ್ಟನ್‌ಗಳು, ಅವುಗಳ ಕಾಲು ಓರೆಯಾಗಿ ನಿಂತಿರೋ ಒಂದು ಪ್ಲೇಟ್ ಮೇಲೆ ಜಾರ್ತಾ ಇರತ್ತೆ, ಬ್ಲಾಕ್ ತಿರುಗಿದಾಗ ಆ ಓರೆಯಿಂದ ಪಿಸ್ಟನ್ ಒಳಗೆ ಹೊರಗೆ ಆಡತ್ತೆ. ಈಗ ಮಜಾ ಏನಂದ್ರೆ ಪ್ಲೇಟ್‌ನ ಓರೆ ಬದಲಾಗತ್ತೆ. ಯಾರಿಗೂ ಎಣ್ಣೆ ಬೇಡ ಅಂದಾಗ ಪ್ಲೇಟ್ ಹೆಚ್ಚುಕಮ್ಮಿ ನೆಟ್ಟಗಾಗತ್ತೆ, ಎಂಜಿನ್ ಪಂಪನ್ನ ತಿರುಗಿಸ್ತಾನೇ ಇರತ್ತೆ ಆದ್ರೆ ಎಣ್ಣೆ ಹರಿಯಲ್ಲ, ಒತ್ತಡ ಮಾತ್ರ 3000ರಲ್ಲೇ ನಿಂತಿರತ್ತೆ. ಪೈಲಟ್ ಗೇರ್, ಅಂದ್ರೆ ವಿಮಾನದ ಚಕ್ರ, ಎತ್ತಿದ ಕೂಡ್ಲೇ ಒತ್ತಡ ಒಂಚೂರು ಇಳಿಯತ್ತೆ, ಪ್ಲೇಟ್ ಓರೆಯಾಗತ್ತೆ, ಎಣ್ಣೆ ನುಗ್ಗತ್ತೆ.

ಇದೆಲ್ಲ ಒಂದೇ ಸೆಟ್ ಇದ್ದಿದ್ರೆ ಒಂದು ತೂತು ಸಾಕಿತ್ತು ಎಲ್ಲಾ ಮುಗಿಯೋಕೆ. ಅದಕ್ಕೇ ಎ320ಯಲ್ಲಿ ಗ್ರೀನ್, ಬ್ಲೂ, ಯೆಲ್ಲೋ ಅಂತ ಮೂರು ಸೆಟ್, ಒಂದರ ಎಣ್ಣೆ ಇನ್ನೊಂದಕ್ಕೆ ಯಾವತ್ತೂ ಹೋಗಲ್ಲ. ಗ್ರೀನ್‌ಗೆ ಎಡಗಡೆ ಎಂಜಿನ್ ಪಂಪ್, ಯೆಲ್ಲೋಗೆ ಬಲಗಡೆ ಎಂಜಿನ್ ಜೊತೆಗೆ ಒಂದು ಎಲೆಕ್ಟ್ರಿಕ್ ಪಂಪ್, ಬ್ಲೂಗೆ ಎಲೆಕ್ಟ್ರಿಕ್ ಪಂಪ್. ಯೆಲ್ಲೋಗೆ ಒಂದು ಕೈಪಂಪೂ ಇದೆ, ಕರೆಂಟ್ ಇಲ್ದೇ ಇದ್ರೂ ಕಾರ್ಗೋ ಬಾಗಿಲು ತೆಗಿಬೋದು.

ಎರಡನೇ ಎಂಜಿನ್ ಸ್ಟಾರ್ಟ್ ಆಗೋವಾಗ ಕಾಲ ಕೆಳಗಿಂದ ನಾಯಿ ಬೊಗಳ್ದಂಗೆ, ಯಾರೋ ಗರಗಸ ಎಳೆದಂಗೆ ಒಂದು ಶಬ್ದ ಬರತ್ತೆ ಕೇಳಿ. ಅದು ಪಿಟಿಯು, ಪವರ್ ಟ್ರಾನ್ಸ್‌ಫರ್ ಯುನಿಟ್, ತನ್ನನ್ನ ತಾನು ಟೆಸ್ಟ್ ಮಾಡ್ಕೊಳ್ತಾ ಇರತ್ತೆ. ಪಕ್ಕದ ಸೀಟೋರು ಗಾಬರಿ ಆದ್ರೆ ದಯವಿಟ್ಟು ಸಮಾಧಾನ ಮಾಡಿ. ಗ್ರೀನ್ ಯೆಲ್ಲೋ ಮಧ್ಯೆ 500 ಪಿಎಸ್‌ಐ ವ್ಯತ್ಯಾಸ ಬಂದ್ರೆ ಇದು ಓಡತ್ತೆ, ಒತ್ತಡ ಇರೋ ಕಡೆ ಮೋಟರ್, ಇಲ್ದಿರೋ ಕಡೆ ಪಂಪ್, ಮಧ್ಯೆ ಒಂದು ಶಾಫ್ಟ್. ಶಕ್ತಿ ಮಾತ್ರ ದಾಟತ್ತೆ, ಎಣ್ಣೆ ಒಂದು ಹನಿನೂ ದಾಟಲ್ಲ. ಸೋರ್ತಾ ಇರೋ ಸಿಸ್ಟಮ್‌ಗೆ ಚೆನ್ನಾಗಿರೋ ಸಿಸ್ಟಮ್ಮಿನ ಎಣ್ಣೆ ಸುರಿದ್ರೆ ಎರಡೂ ಖಾಲಿ ಆಗತ್ತಲ್ಲ, ಅದನ್ನ ತಪ್ಸೋಕೆ ಈ ಏರ್ಪಾಡು.

ಟೇಕಾಫ್ ಆದ್ಮೇಲೆ ಚಕ್ರ ಒಳಗೆ ಹೋಗೋ ಸದ್ದು ಗ್ರೀನ್ ಸಿಸ್ಟಮ್ಮಿಂದು. ಗ್ರೀನ್ ಹೋದ್ರೆ ಇಳಿಸೋದು ಹೆಂಗೆ? ಕಾಕ್‌ಪಿಟ್‌ನಲ್ಲಿ ಒಂದು ಹ್ಯಾಂಡಲ್ ಇದೆ, ಮೂರು ಸುತ್ತು ತಿರುಗ್ಸಿದ್ರೆ ಲಾಕ್ ಬಿಟ್ಟು ಚಕ್ರ ತನ್ನ ಭಾರಕ್ಕೇ ಕೆಳಗೆ ಬೀಳತ್ತೆ. ಒತ್ತಡ ಕಮ್ಮಿ ಆದಾಗ ಪ್ರಯಾರಿಟಿ ವಾಲ್ವ್ ಅನ್ನೋದು ಗೇರ್, ಫ್ಲ್ಯಾಪ್‌ನಂಥ (ರೆಕ್ಕೆ ಹಿಂದೆ ಚಾಚೋ ಹಲಗೆ) ಹೊಟ್ಟೆಬಾಕಗಳಿಗೆ ಎಣ್ಣೆ ನಿಲ್ಸಿ ಇರೋದನ್ನ ವಿಮಾನ ತಿರುಗ್ಸೋ, ಏರ್ಸಿ ಇಳ್ಸೋ ಏಲರಾನ್ ರಡ್ಡರ್ ಎಲಿವೇಟರ್‌ಗೆ ಉಳಿಸತ್ತೆ. ಕರೆಂಟೂ ಹೋದ್ರೆ? ಹೊಟ್ಟೆ ಕೆಳಗಿಂದ ರ‍್ಯಾಮ್ ಏರ್ ಟರ್ಬೈನ್ ಅನ್ನೋ ಪುಟ್ಟ ಫ್ಯಾನ್ ಹೊರಗೆ ಬಂದು ಎದುರುಗಾಳಿಗೆ ತಿರುಗಿ ಬ್ಲೂಗೆ ಸುಮಾರು 2500 ಪಿಎಸ್‌ಐ ಕೊಡತ್ತೆ, ಎಮರ್ಜೆನ್ಸಿ ಜನರೇಟರ್ ತಿರುಗೋದೂ ಆ ಬ್ಲೂ ಎಣ್ಣೆಯಿಂದ್ಲೇ.

ಮೂರೂ ಒಟ್ಟಿಗೆ ಹೋಗಲ್ಲ ಅಂತ ಒಂದು ಕಾಲಕ್ಕೆ ಎಲ್ರೂ ನಂಬಿದ್ರು. 1989ರ ಜುಲೈ 19ಕ್ಕೆ ಅಮೆರಿಕದಲ್ಲಿ ಯುನೈಟೆಡ್ 232, ಡಿಸಿ-10 ವಿಮಾನ, ಬಾಲದಲ್ಲಿರೋ ಎಂಜಿನ್ನಿನ ಫ್ಯಾನ್ ಡಿಸ್ಕ್ ಒಡೆದು ಚೂರುಗಳು ಬಾಲದೊಳಗಿನ ಲೈನ್‌ಗಳನ್ನ ಕತ್ತರಿಸಿ ಹಾಕಿದ್ವು, ಮೂರೂ ಸಿಸ್ಟಮ್ ಎಣ್ಣೆ ಹೊರಟೋಯ್ತು. ಪೈಲಟ್‌ಗಳು ಉಳಿದ ಎರಡು ಎಂಜಿನ್ನಿನ ಪವರ್ ಹೆಚ್ಚುಕಮ್ಮಿ ಮಾಡ್ಕೊಂಡೇ ಸೂ ಸಿಟಿ ಅನ್ನೋ ಊರಿನ ಏರ್‌ಪೋರ್ಟ್‌ವರೆಗೆ ತಂದ್ರು, ಇಳಿಯೋವಾಗ ವಿಮಾನ ಅಪ್ಪಳಿಸ್ತು, 296 ಜನರಲ್ಲಿ 184 ಜನ ಉಳಿದ್ರು, 112 ಜನ ಹೋದ್ರು. ಆಮೇಲೆ ಡಿಸಿ-10ರ ಮೂರನೇ ಸಿಸ್ಟಮ್ಮಿಗೆ ಎಣ್ಣೆ ತಡೆಯೋ ಒಂದು ಶಟಾಫ್ ವಾಲ್ವ್ ಬಂತು, ಬಾಲದಲ್ಲಿ ಸೋರಿದ್ರೂ ವಿಮಾನದ ಮುಂಭಾಗದ ಎಣ್ಣೆ ಉಳೀಲಿ ಅಂತ. ಪೈಪ್ ಎಲ್ಲಿಂದ ಎಲ್ಲಿಗೆ ಹಾಯ್ದು ಹೋಗಿದೆ ಅನ್ನೋದೂ ಚಾರ್ಟ್‌ನಷ್ಟೇ ಮುಖ್ಯ ಅಂತ ನಾನು ಹೇಳೋದು ಇದಕ್ಕೇ.

ಈಗ ಲ್ಯಾಂಡಿಂಗ್. ಚಕ್ರ ನೆಲ ಮುಟ್ಟಿದ ತಕ್ಷಣ ರೆಕ್ಕೆ ಮೇಲೆ ಐದು ಹಲಗೆ ಎದ್ದು ನಿಲ್ಲತ್ತೆ, ರೆಕ್ಕೆ ಎತ್ತೋ ಬಲ ಕಮ್ಮಿ ಮಾಡೋ ಸ್ಪಾಯ್ಲರ್‌ಗಳು. ಒಳಗಿಂದ ಹೊರಕ್ಕೆ ಎಣಿಸಿ: ಗ್ರೀನ್, ಯೆಲ್ಲೋ, ಬ್ಲೂ, ಯೆಲ್ಲೋ, ಗ್ರೀನ್. ಚಾರ್ಟ್‌ನಲ್ಲಿ ನಿಮ್ಮನ್ನ ಹೆದರ್ಸಿದ ಮೂರೂ ಸಿಸ್ಟಮ್ ಕಣ್ಣೆದುರಿಗೇ ಸಾಲಾಗಿ ನಿಂತಿರತ್ತೆ, ಇನ್ನೊಂದು ರೆಕ್ಕೆಲೂ ಅದೇ ಕ್ರಮ, ಹಂಗಾಗಿ ಒಂದು ಸಿಸ್ಟಮ್ ಹೋದ್ರೆ ಎರಡೂ ಕಡೆ ಸಮನಾಗಿ ಕಮ್ಮಿ ಆಗತ್ತೆ, ವಿಮಾನ ಒಂದ್ಕಡೆ ವಾಲಲ್ಲ.

ಕೋರ್ಸ್ ಮಾಡ್ತಿರೋರಿಗೆ ಇಷ್ಟು ಹೇಳ್ಲೇಬೇಕು. ಇಲ್ಲಿರೋ ಎಣ್ಣೆ ಫಾಸ್ಫೇಟ್ ಎಸ್ಟರ್, ಸ್ಕೈಡ್ರಾಲ್ ಅಂತಾರೆ, ನೇರಳೆ ಬಣ್ಣ, ಸುಲಭಕ್ಕೆ ಬೆಂಕಿ ಹಿಡಿಯಲ್ಲ ಆದ್ರೆ ಕಣ್ಣಿಗೆ ಬಿದ್ರೆ ಪ್ರಾಣ ಹೋದಂಗೆ ಉರಿ, ಕನ್ನಡಕ ಗ್ಲೌಸ್ ಇಲ್ದೆ ಹತ್ರ ಹೋಗ್ಬೇಡಿ. ಕೆಂಪು ಮಿನರಲ್ ಎಣ್ಣೆ ಜೊತೆ ಬೆರೆಸಿದ್ರೆ ಸೀಲ್‌ಗಳು ಊದಿ ಹಾಳಾಗತ್ತೆ. ಸಣ್ಣ ಲೀಕ್ ಹುಡುಕೋಕೆ ಕೈ ಆಡಿಸ್ಲೇಬೇಡಿ, ಆ ಒತ್ತಡಕ್ಕೆ ಎಣ್ಣೆ ಸೂಜಿ ಥರ ಚರ್ಮದೊಳಗೆ ಹೊಕ್ಕತ್ತೆ, ರಟ್ಟಿನ ತುಂಡು ಹಿಡೀರಿ. ಪ್ರೆಶರ್ ಕೊಡೋಕೆ ಮುಂಚೆ ಗೇರ್ ಪಿನ್ (ಚಕ್ರ ಮಡಚ್ಕೊಳ್ದಂಗೆ ತಡೆಯೋ ಪಿನ್) ಹಾಕಿದ್ಯಾ, ರೆಕ್ಕೆ ಹತ್ರ ಬಾಲದ ಹತ್ರ ಯಾರಾದ್ರೂ ನಿಂತಿದಾರಾ ಅಂತ ನೀವೇ ಸುತ್ತಿ ನೋಡಿ.

ಗೇಟ್ ತಲುಪಿ ಎಂಜಿನ್ ಆಫ್ ಆದ್ಮೇಲೂ ಪಾರ್ಕಿಂಗ್ ಬ್ರೇಕ್ ಹಿಡ್ಕೊಂಡೇ ಇರತ್ತೆ. ಅದು ಅಕ್ಯುಮುಲೇಟರ್ ಕೆಲಸ, ಒಂದ್ಕಡೆ ನೈಟ್ರೋಜನ್ ಇನ್ನೊಂದ್ಕಡೆ ಎಣ್ಣೆ, ಒತ್ತಿಟ್ಟ ಸ್ಪ್ರಿಂಗ್ ಥರ. ಹಾರಾಟದಲ್ಲಿ ಗ್ರೀನ್ ಯೆಲ್ಲೋ ಎರಡೂ ಹೋಗಿದ್ರೂ ಅದ್ರಲ್ಲಿ ತುಂಬಿರೋ ಒತ್ತಡದಿಂದ್ಲೇ ಕನಿಷ್ಠ ಏಳು ಸಲ ಪೂರ್ತಿ ಬ್ರೇಕ್ ಒತ್ತಬೋದಿತ್ತು.