ಎಂಟು ಜನ, ಒಂದು ದುಂಡು ಮೇಜು: ಸೀಟಿಂಗ್ ಪಜಲ್ ಬಿಡಿಸುವ ಕ್ರಮ

ಬ್ಯಾಂಕ್ ಪರೀಕ್ಷೆಗೆ ಓದುವವರು, ಯಾರು ಎಲ್ಲಿ ಕೂತಿದ್ದಾರೆ ಎಂದು ಸುಳಿವಿನಿಂದ ಪತ್ತೆ ಮಾಡುವ ಸೀಟಿಂಗ್ ಅರೇಂಜ್‌ಮೆಂಟ್ ಬಿಡಿಸುವುದನ್ನು ಪಕ್ಕದಲ್ಲಿ ಕೂತು ನೋಡಿದರೆ ಸುಮ್ಮನಿರುವುದು ಕಷ್ಟ. ಪ್ರಶ್ನೆ ಕಂಡ ಕೂಡಲೇ ಒಂದು ವೃತ್ತ ಎಳೆಯುತ್ತಾರೆ. ಮೊದಲ ಸಾಲು ಓದಿ ಒಬ್ಬರನ್ನು ಕೂರಿಸುತ್ತಾರೆ. ಎರಡನೇ ಸಾಲಿಗೆ ಅಂದಾಜಿನಲ್ಲಿ ಇನ್ನೊಬ್ಬರು. ಐದನೇ ಸಾಲಿಗೆ ಬರುವಾಗ ಇಬ್ಬರಿಗೆ ಒಂದೇ ಕುರ್ಚಿ! ಆಮೇಲೆ ರಬ್ಬರ್ ತೆಗೆದು ಉಜ್ಜುವುದು, ಮತ್ತೆ ಮೊದಲಿಂದ ಶುರು. ಉಡುಪಿಯ ನಮ್ಮ ಮನೆ ಚಾವಡಿಗೆ ಭಾನುವಾರ ಬರುವ ಮಕ್ಕಳ ನೋಟ್‌ಬುಕ್ಕಿನಲ್ಲಿ ಈ ಪುಟಗಳನ್ನು ಹುಡುಕಬೇಕಾಗಿಲ್ಲ. ಉಜ್ಜಿ ಉಜ್ಜಿ ಕಪ್ಪಾಗಿ, ನಡುವೆ ಒಂದು ತೂತು ಬಿದ್ದಿರುತ್ತದೆ.

"ಇದು ತಲೆ ಇದ್ದವರಿಗೆ ಮಾತ್ರ ಬರುವುದು ಸರ್" ಅಂತ ಒಬ್ಬಳು ಹೇಳಿದಳು. ಎಂತ ತಲೆ ಮಾರಾಯ್ತಿ, ಇದಕ್ಕೆ ಬೇಕಾದದ್ದು ಕ್ರಮ. ಯಾವ ಸಾಲನ್ನು ಮೊದಲು ಹಿಡಿಯಬೇಕು, ಯಾವುದನ್ನು ಕೊನೆಗೆ ಇಡಬೇಕು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ನಮ್ಮ ಕರಾವಳಿಯವರಿಗೆ ಬ್ಯಾಂಕ್ ಹೊಸದಲ್ಲ. ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್ ಎರಡೂ 1906ರಲ್ಲಿ ಹುಟ್ಟಿದವು. 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇವುಗಳಲ್ಲಿ ಮೂರು ಹೆಸರು 2019 ಮತ್ತು 2020ರ ವಿಲೀನದಲ್ಲಿ ಹೋದವು. ಬ್ಯಾಂಕ್ ಕೆಲಸದ ಆಸೆ ಮಾತ್ರ ಇಲ್ಲಿನ ಮನೆಗಳಲ್ಲಿ ಹಾಗೆಯೇ ಉಂಟು. ಸರ್ಕಾರಿ ಬ್ಯಾಂಕ್ ಸೇರಬೇಕಾದರೆ ಈಗ ಈ ದುಂಡು ಮೇಜನ್ನು ದಾಟಿಯೇ ಹೋಗಬೇಕು. ಸರ್ಕಾರಿ ಬ್ಯಾಂಕಿಗೆ ಅಧಿಕಾರಿಗಳನ್ನು ಆರಿಸುವ ಐಬಿಪಿಎಸ್ ಪಿಒ ಪರೀಕ್ಷೆಯ ಮೊದಲ ಸುತ್ತಾದ ಪ್ರಿಲಿಮ್ಸ್‌ನಲ್ಲಿ ತರ್ಕದ ವಿಭಾಗ ರೀಸನಿಂಗ್‌ಗೆ 35 ಪ್ರಶ್ನೆ, 20 ನಿಮಿಷ. ಅದರಲ್ಲಿ ಪಜಲ್ ಮತ್ತು ಸೀಟಿಂಗ್‌ನದ್ದೇ ದೊಡ್ಡ ಪಾಲು.

ಒಂದು ಲೆಕ್ಕ ಇಟ್ಟುಕೊಂಡೇ ಹೋಗೋಣ. ಅಶೋಕ, ಐರಿನ್, ಗಣೇಶ, ಜಯಂತಿ, ಫಾತಿಮಾ, ರೋಶನ್, ವಸಂತ, ಸುಜಾತಾ ಎಂಬ ಎಂಟು ಜನ ದುಂಡು ಮೇಜಿನ ಸುತ್ತ ಸಮಾನ ದೂರದಲ್ಲಿ, ನಡುವಿಗೆ ಮುಖ ಮಾಡಿ ಕೂತಿದ್ದಾರೆ. ಕಂಡೀಷನ್‌ಗಳು ಇವು:

1. ಐರಿನ್ ಜಯಂತಿಯ ಪಕ್ಕದಲ್ಲಿ ಕೂತಿಲ್ಲ.
2. ಐರಿನ್ ಮತ್ತು ಗಣೇಶ ಅಕ್ಕಪಕ್ಕ ಕೂತಿದ್ದಾರೆ.
3. ರೋಶನ್ ಮತ್ತು ಜಯಂತಿಯ ನಡುವೆ ಒಬ್ಬರು ಮಾತ್ರ ಇದ್ದಾರೆ.
4. ರೋಶನ್ ಫಾತಿಮಾಳ ಎಡಕ್ಕೆ ಮೂರನೆಯವನು.
5. ವಸಂತ ಜಯಂತಿಯ ಎದುರು ಕೂತಿದ್ದಾನೆ.
6. ಸುಜಾತಾ ವಸಂತನ ಎಡಕ್ಕೆ, ಪಕ್ಕದಲ್ಲೇ ಇದ್ದಾಳೆ.

ಹಂತ 1: ಪೂರ್ತಿ ಓದಿ, ಪೆನ್ನು ಮುಟ್ಟಬೇಡಿ

ಮೊದಲ ಓದಿನಲ್ಲಿ ನೋಡಬೇಕಾದದ್ದು ಎರಡೇ. ಎಷ್ಟು ಜನ, ಮುಖ ಯಾವ ಕಡೆಗೆ. ಮುಖ ಯಾವ ಕಡೆ ಎಂಬುದನ್ನು ಹಾರಿಸಿ ಓದಿದವರು ಮುಂದೆ ಎಷ್ಟು ಚೆನ್ನಾಗಿ ಮಾಡಿದರೂ ದಂಡ.

ಹಂತ 2: ಎಡ ಬಲ ಗಟ್ಟಿ ಮಾಡಿಕೊಳ್ಳಿ

ಹೆಚ್ಚಿನವರು ಮುಳುಗುವುದು ಇಲ್ಲೇ. ಹಾಳೆಯ ಎಡ, ನಿಮ್ಮ ಎಡ, ಅಲ್ಲಿ ಕೂತವರ ಎಡ, ಮೂರೂ ಒಂದೇ ಅಂತ ತಿಳಿದುಕೊಳ್ಳುತ್ತಾರೆ. ಹಾಳೆಯ ಮೇಲ್ಗಡೆ ಕೂತವರು ನಿಮ್ಮನ್ನೇ ನೋಡುತ್ತಿದ್ದಾರೆ. ಅವರ ಎಡ ಎಂದರೆ ಹಾಳೆಯಲ್ಲಿ ಬಲ. ಮಠದ ಊಟದ ಪಂಕ್ತಿ ನೆನಪು ಮಾಡಿ. ಬಡಿಸುವವರು ನಿಮ್ಮ ಎಡದಿಂದ ಬಂದರೆ, ಎದುರಿನ ಪಂಕ್ತಿಯವರಿಗೆ ಬಲದಿಂದ ಬಂದ ಹಾಗೆ, ಅಲ್ವಾ?

ಪ್ರತಿ ಸಲ ಹೀಗೆ ಮನಸ್ಸಿನಲ್ಲೇ ತಿರುಗಿ ಕೂರುವುದಕ್ಕೆ ಪರೀಕ್ಷೆಯಲ್ಲಿ ಪುರುಸೊತ್ತು ಎಲ್ಲಿ? ಅದಕ್ಕೇ ನಾನು ನಂಬರ್ ಹಾಕಿಸುವುದು. ಹಾಳೆಯಲ್ಲಿ ನಿಮಗೆ ತೀರಾ ಹತ್ತಿರದ, ಅಂದರೆ ಎಲ್ಲಕ್ಕಿಂತ ಕೆಳಗಿನ ಕುರ್ಚಿಗೆ 1. ಅಲ್ಲಿಂದ ಗಡಿಯಾರ ಸುತ್ತುವ ಕಡೆಗೆ 2, 3, ಹೀಗೆ 8ರವರೆಗೆ. ನೀವೇ ಒಂದನೇ ಕುರ್ಚಿಯಲ್ಲಿ ಕೂತು ನಡುವಿಗೆ ನೋಡಿದರೆ ನಿಮ್ಮ ಎಡಗೈ ಕಡೆ ಇರುವುದು 2. ಮುಖ ಒಳಗೆ ಇರುವಷ್ಟು ಹೊತ್ತು ಎಲ್ಲಾ ಕುರ್ಚಿಗೂ ಇದೇ ನಿಯಮ. ಎಡ ಅಂದರೆ ಕೂಡಿಸು, ಬಲ ಅಂದರೆ ಕಳೆ. ಎಂಟು ದಾಟಿದರೆ ಎಂಟು ಕಳೆಯಿರಿ. ಸೊನ್ನೆಯೋ ಅದಕ್ಕಿಂತ ಕಡಿಮೆಯೋ ಬಂದರೆ ಎಂಟು ಸೇರಿಸಿ. ಎದುರು ಅಂದರೆ ನಾಲ್ಕು ಕೂಡಿಸು. ಮುಖ ಹೊರಗೆ ಇದ್ದರೆ ಎಡಕ್ಕೆ ಕಳೆ, ಬಲಕ್ಕೆ ಕೂಡಿಸು. ಮುಗಿಯಿತು.

ಇನ್ನೊಂದು ತಪ್ಪು ಇದಕ್ಕಿಂತಲೂ ಜಾಸ್ತಿ. ನಾಲ್ಕನೇ ಕಂಡೀಷನ್ ನೋಡಿ. ಸಾಲಿನಲ್ಲಿ ಮೊದಲು ಬಂದ ಹೆಸರು ರೋಶನ್. ಹಾಗಾಗಿ ರೋಶನ್‌ನಿಂದ ಎಡಕ್ಕೆ ಮೂರು ಎಣಿಸಿ ಫಾತಿಮಾಳನ್ನು ಕೂರಿಸಿಬಿಡುತ್ತಾರೆ. ಎಣಿಸಬೇಕಾದದ್ದು ಫಾತಿಮಾಳಿಂದ. "ಯಾರ ಎಡ?" ಅಂತ ಒಮ್ಮೆ ಕೇಳಿಕೊಂಡು, ಆ ಹೆಸರಿನ ಮೇಲೆ ಬೆರಳಿಟ್ಟು, ಆಮೇಲೆ ಎಣಿಸಿ. ನಾನು ಇದನ್ನು ಸಣ್ಣ ಲೆಕ್ಕವಾಗಿ ಬರೆಸುತ್ತೇನೆ: ರ = ಫ + 3. ಹೀಗೆ ಬರೆದಿಟ್ಟರೆ ಯಾರಿಂದ ಯಾರಿಗೆ ಎಂಬ ಗೊಂದಲವೇ ಹುಟ್ಟುವುದಿಲ್ಲ.

ಹಂತ 3: ಗಟ್ಟಿ ಸಾಲು ಯಾವುದು, ಟೊಳ್ಳು ಯಾವುದು

ಕಂಡೀಷನ್‌ಗಳಲ್ಲಿ ಮೂರು ಜಾತಿ. "ಎದುರು", "ಎಡಕ್ಕೆ ಮೂರನೆಯವನು" ಇವು ಗಟ್ಟಿ, ಒಂದೇ ಜಾಗ ತೋರಿಸುತ್ತವೆ. "ಅಕ್ಕಪಕ್ಕ", "ನಡುವೆ ಒಬ್ಬರು" ಇವು ಅರೆಗಟ್ಟಿ, ಎರಡು ಜಾಗ ತೋರಿಸುತ್ತವೆ. "ಪಕ್ಕದಲ್ಲಿ ಇಲ್ಲ" ಎಂಬುದು ಯಾರನ್ನೂ ಕೂರಿಸುವುದಿಲ್ಲ. ಪ್ರಶ್ನೆ ತೆಗೆಯುವವರು ಇಂಥ ಸಾಲನ್ನೇ ಮೊದಲು ಇಟ್ಟಿರುತ್ತಾರೆ. ಅದನ್ನು ಹಿಡಿದು ಶುರು ಮಾಡಿದರೆ ಐರಿನ್‌ಳನ್ನು ಎಲ್ಲೆಲ್ಲೂ ಕೂರಿಸಿ ನೋಡಬೇಕಾಗುತ್ತದೆ.

ಈಗ ಯಾವ ಹೆಸರು ಹೆಚ್ಚು ಸಲ ಬಂದಿದೆ ನೋಡಿ. ಜಯಂತಿ ಮೂರು ಸಾಲಿನಲ್ಲಿ ಇದ್ದಾಳೆ. ಅವಳನ್ನೇ ಕುರ್ಚಿ 1ರಲ್ಲಿ ಕೂರಿಸಿ. ದುಂಡು ಮೇಜಿನಲ್ಲಿ ಮೊದಲ ವ್ಯಕ್ತಿಯನ್ನು ಎಲ್ಲಿ ಕೂರಿಸಿದರೂ ನಡೆಯುತ್ತದೆ, ಮೇಜು ತಿರುಗಿಸಿದರೆ ಸಂಬಂಧ ಬದಲಾಗುವುದಿಲ್ಲ. ಎಂಟು ಜನರನ್ನು ಉದ್ದ ಸಾಲಿನಲ್ಲಿ ಕೂರಿಸಲು 40,320 ದಾರಿಗಳಿವೆ. ದುಂಡಗೆ ಕೂರಿಸಿದರೆ ಅದು 5,040ಕ್ಕೆ ಇಳಿಯುತ್ತದೆ. ಉದ್ದ ಸಾಲಿನಲ್ಲಿ ಈ ರಿಯಾಯಿತಿ ಇಲ್ಲ. ಅಲ್ಲಿ "ತುದಿಯಲ್ಲಿ ಕೂತಿದ್ದಾನೆ" ಎಂಬ ಸಾಲು ಹುಡುಕಿ ಅಲ್ಲಿಂದಲೇ ಹೊರಡಬೇಕು.

ಜಯಂತಿ 1. ಐದನೇ ಕಂಡೀಷನ್ ಪ್ರಕಾರ ವಸಂತ 5. ಆರನೆಯದರ ಪ್ರಕಾರ ಸುಜಾತಾ 6. ಮೂವರು ಕೂತರು, ಎಲ್ಲಿಯೂ ಊಹೆ ಇಲ್ಲ. ಬಳಸಿದ ಸಾಲಿಗೆ ಆಗಲೇ ಟಿಕ್ ಹಾಕಿ.

ಹಂತ 4: ಎರಡು ಕೇಸ್, ಪಕ್ಕಪಕ್ಕದಲ್ಲಿ

ಈಗ ಗಟ್ಟಿ ಸಾಲು ಉಳಿದಿರುವುದು ನಾಲ್ಕನೆಯದು ಮಾತ್ರ. ಆದರೆ ರೋಶನ್ ಆಗಲಿ ಫಾತಿಮಾ ಆಗಲಿ ಇನ್ನೂ ಕೂತಿಲ್ಲ. ಮೂರನೇ ಸಾಲು ರೋಶನ್‌ನನ್ನು ಜಯಂತಿಗೆ ಕಟ್ಟುತ್ತದೆ. ನಡುವೆ ಒಬ್ಬರು ಎಂದರೆ ರೋಶನ್ 3ರಲ್ಲಿ ಅಥವಾ 7ರಲ್ಲಿ.

ಇಲ್ಲಿ ಏನಾಗುತ್ತದೆ ಅಂದರೆ, ಮಕ್ಕಳು 3ರಲ್ಲಿ ಕೂರಿಸಿ ಮುಂದೆ ಹೋಗುತ್ತಾರೆ. ಇನ್ನೊಂದು ಜಾಗ ಇತ್ತು ಎಂಬುದನ್ನು ಮರೆತುಬಿಡುತ್ತಾರೆ. ಮುಂದೆ ಎಲ್ಲೋ ಸಿಕ್ಕಿಹಾಕಿಕೊಂಡಾಗ ತಪ್ಪು ಎಲ್ಲಿ ಎಂದು ತಿಳಿಯದೆ ಇಡೀ ಚಿತ್ರ ಅಳಿಸುತ್ತಾರೆ. ಗಟ್ಟಿಯಾಗಿ ಕೂತಿದ್ದ ಮೂವರೂ ಹೋದರು! ಎರಡು ಜಾಗ ಕಂಡ ಕ್ಷಣವೇ ನಿಲ್ಲಿಸಿ. ಪಕ್ಕದಲ್ಲೇ ಇನ್ನೊಂದು ಚಿತ್ರ ಬರೆದು, ಆಗಲೇ ಕೂತವರನ್ನು ಅಲ್ಲಿಗೂ ಇಳಿಸಿ. ವೃತ್ತವೇ ಬೇಕೆಂದಿಲ್ಲ. ಎಂಟು ಮನೆಗಳ ಒಂದು ಸಾಲು ಬರೆದರೂ ಸಾಕು, ಎಂಟನೆಯ ಮನೆಗೆ ಒಂದನೆಯದು ಪಕ್ಕದ್ದೇ ಎಂದು ನೆನಪಿದ್ದರೆ ಆಯಿತು. ನನಗೆ ಇದೇ ಇಷ್ಟ. ವೃತ್ತ ದುಂಡಗೆ ಬರಲಿಲ್ಲ ಅಂತ ಇನ್ನೊಂದು ಸಲ ಎಳೆಯುವವರನ್ನೂ ನೋಡಿದ್ದೇನೆ.

ಕೇಸ್ 1, ರೋಶನ್ 3ರಲ್ಲಿ. ಅವನು ಫಾತಿಮಾಳ ಎಡಕ್ಕೆ ಮೂರನೆಯವನು, ಆದ್ದರಿಂದ ಫಾತಿಮಾ 3 - 3, ಅಂದರೆ ಸೊನ್ನೆ. ಎಂಟು ಸೇರಿಸಿದರೆ 8.

ಜ | _ | ರ | _ | ವ | ಸ | _ | ಫ

ಕೇಸ್ 2, ರೋಶನ್ 7ರಲ್ಲಿ. ಫಾತಿಮಾ 4.

ಜ | _ | _ | ಫ | ವ | ಸ | ರ | _

ಎರಡೂ ಜೀವಂತ. ಈಗ ಎರಡನೇ ಸಾಲು ತನ್ನಿ. ಐರಿನ್, ಗಣೇಶ ಅಕ್ಕಪಕ್ಕ ಕೂರಬೇಕು. ಕೇಸ್ 1ರಲ್ಲಿ ಖಾಲಿ ಇರುವುದು 2, 4, 7. ಯಾವ ಎರಡೂ ಒಂದಕ್ಕೊಂದು ತಾಗಿಲ್ಲ. ಕೇಸ್ 1ಕ್ಕೆ ಅಡ್ಡಗೆರೆ ಎಳೆಯಿರಿ, ಪಕ್ಕದಲ್ಲಿ "2" ಎಂದು ಬರೆಯಿರಿ. ಯಾವ ಕಂಡೀಷನ್ ಅದನ್ನು ಕೊಂದಿತು ಎಂಬ ಗುರುತು ಅದು. ಮುಂದೆ ಎಡವಟ್ಟಾದರೆ ತಿರುಗಿ ನೋಡಲು ಬೇಕು. "ಇದು ಬರಲಿಕ್ಕಿಲ್ಲ ಅನ್ನಿಸಿತು ಸರ್" ಅಂತ ಯಾವ ಕೇಸನ್ನೂ ಹೊಡೆದು ಹಾಕುವ ಹಾಗಿಲ್ಲ.

ಕೇಸ್ 2ರಲ್ಲಿ ಖಾಲಿ 2, 3, 8. ತಾಗಿಕೊಂಡಿರುವುದು 2 ಮತ್ತು 3. ಅವು ಐರಿನ್, ಗಣೇಶರಿಗೆ. ಅಶೋಕನ ಹೆಸರು ಒಂದು ಸಾಲಿನಲ್ಲೂ ಇಲ್ಲ, ಪಾಪ, ಅವನಿಗೆ ಉಳಿದ 8. ಈಗ ಆ ಮೊದಲ ಸಾಲಿನ ಕೆಲಸ. ಐರಿನ್ ಜಯಂತಿಯ ಪಕ್ಕ ಇಲ್ಲ, ಹಾಗಾಗಿ 2 ಅಲ್ಲ, 3.

ಜ | ಗ | ಐ | ಫ | ವ | ಸ | ರ | ಅ

ಮೊದಲು ಓದಿ ಕೊನೆಗೆ ಬಳಸಿದ ಸಾಲು ಅದು. ಬಳಸಿದ್ದು ಅರ್ಧ ನಿಮಿಷವೂ ಅಲ್ಲ.

ಒಂದು ಸಾಲು ಮೂರು ನಾಲ್ಕು ಜಾಗ ತೋರಿಸುತ್ತಿದ್ದರೆ ಅದನ್ನು ಮುಟ್ಟಬೇಡಿ, ಬೇರೆ ಸಾಲು ಹಿಡಿಯಿರಿ. ಒಟ್ಟಿಗೆ ಎರಡಕ್ಕಿಂತ ಜಾಸ್ತಿ ಕೇಸ್ ತೆರೆಯಬಾರದು ಎಂಬುದು ನನ್ನ ಕಟ್ಟುನಿಟ್ಟು. ಪ್ರಿಲಿಮ್ಸ್ ಮಟ್ಟದ ಲೆಕ್ಕಕ್ಕೆ ಎರಡು ಸಾಕಾಗುತ್ತದೆ. ಎರಡನೇ ಸುತ್ತಿನ ಮೇನ್ಸ್‌ನಲ್ಲಿ ಕೆಲವರ ಮುಖ ಒಳಗೆ, ಕೆಲವರದ್ದು ಹೊರಗೆ ಇರುತ್ತದೆ. ಆಗ ಹೆಸರಿನ ಮೇಲೆ ಒಂದು ಬಾಣದ ಗುರುತು ಹಾಕಿ. ಮುಖ ತಿಳಿಯದವರಿಗೆ ಬಾಣ ಹಾಕಬೇಡಿ, ಖಾಲಿ ಬಿಡಿ.

ಹಂತ 5: ತಾಳೆ ನೋಡಿ

ಆರೂ ಸಾಲನ್ನು ಮತ್ತೆ ಓದಿ, ಚಿತ್ರದ ಜೊತೆ ಹೋಲಿಸಿ. ಎರಡು ಕೇಸೂ ಕೊನೆಯವರೆಗೆ ಬದುಕಿ ಉಳಿದರೆ ಯಾವುದೋ ಸಾಲಿಗೆ ಟಿಕ್ ಬಿದ್ದಿಲ್ಲ. ಸಾಮಾನ್ಯವಾಗಿ ಅದು "ಇಲ್ಲ" ಎಂಬ ಸಾಲೇ.

ಟಿಕ್ ಎಲ್ಲಾ ಬಿದ್ದೂ ಎರಡು ಉತ್ತರ ಬಂದರೆ ಲೆಕ್ಕವೇ ತಪ್ಪಿರಬಹುದು. ಮೊಬೈಲ್‌ನಲ್ಲಿ ಓಡಾಡುವ ಪುಕ್ಕಟೆ ಪಿಡಿಎಫ್‌ಗಳಲ್ಲಿ ಇಂಥವು ಬೇಕಾದಷ್ಟು. ಟೈಪ್ ಮಾಡುವಾಗ ಒಂದು ಸಾಲು ಬಿಟ್ಟುಹೋಗಿರುತ್ತದೆ, ಉತ್ತರ ಮಾತ್ರ ಹಳೆಯದೇ. ಅದರ ಮೇಲೆ ಒಂದು ಸಂಜೆ ಹಾಳು ಮಾಡಿಕೊಂಡು "ನನಗೆ ಬರುವುದಿಲ್ಲ" ಅಂತ ಕೂರುವವರಿದ್ದಾರೆ. ಹಿಂದಿನ ವರ್ಷಗಳ ಪ್ರಶ್ನೆ ಇರುವ, ಬಿಡಿಸಿದ ಕ್ರಮ ಪೂರ್ತಿ ಕೊಟ್ಟಿರುವ ಪುಸ್ತಕ ಒಂದೇ ಸಾಕು. "ಹತ್ತು ಸೆಕೆಂಡಿನ ಟ್ರಿಕ್" ವಿಡಿಯೋಗಳನ್ನು ನಾನು ನೋಡಲು ಬಿಡುವುದಿಲ್ಲ. ಅಲ್ಲಿ ಆಪ್ಷನ್ ನೋಡಿ ಹಿಂದಿನಿಂದ ಹೋಗುತ್ತಾರೆ. ಒಂದು ಪ್ರಶ್ನೆಗೆ ಅದು ನಡೆದೀತು. ಒಂದೇ ಪಜಲ್ ಮೇಲೆ ಐದು ಪ್ರಶ್ನೆ ಇರುವಾಗ ಐದು ಸಲ ಹಿಂದಿನಿಂದ ಹೋಗಬೇಕಾಗುತ್ತದೆ.

ಅಭ್ಯಾಸ ಬಾಲ್ ಪೆನ್ನಿನಲ್ಲೇ ಮಾಡಿ. ರಬ್ಬರ್ ಕೈಗೆ ಸಿಗದಿದ್ದರೆ ಕೇಸ್ ಬರೆಯುವ ಬುದ್ಧಿ ತಾನಾಗಿ ಬರುತ್ತದೆ. ಪೆನ್ಸಿಲ್ ಇದ್ದವರು ಅಳಿಸುತ್ತಾರೆ, ಅಷ್ಟೇ.

ಸಮಯ ಮುಗಿಯುತ್ತಾ ಬಂದು, ಚಿತ್ರ ಪೂರ್ತಿ ಆಗಿಲ್ಲ ಅಂದುಕೊಳ್ಳಿ. ಆಗಲೂ ಎಲ್ಲವನ್ನೂ ಬಿಟ್ಟು ಹೋಗಬೇಡಿ. ತಪ್ಪು ಉತ್ತರಕ್ಕೆ ಆ ಪ್ರಶ್ನೆಗಿಟ್ಟ ಅಂಕದ ಕಾಲು ಭಾಗ ಹೋಗುತ್ತದೆ, ಆದ್ದರಿಂದ ಊಹೆಯೂ ಬೇಡ. ಖಚಿತವಾಗಿ ಕೂತವರ ಬಗ್ಗೆ ಯಾವ ಪ್ರಶ್ನೆ ಇದೆ ಅಂತ ನೋಡಿ. ನಮ್ಮ ಲೆಕ್ಕದಲ್ಲೇ ಐರಿನ್, ಗಣೇಶರಲ್ಲಿ ಯಾರು 2, ಯಾರು 3 ಎಂದು ತೀರ್ಮಾನ ಆಗುವ ಮೊದಲೇ ಉಳಿದ ಆರು ಜನ ಕೂತಾಗಿತ್ತು. "ಅಶೋಕನ ಎದುರು ಯಾರು?" ಎಂದು ಕೇಳಿದ್ದರೆ 8ಕ್ಕೆ ನಾಲ್ಕು ಕೂಡಿಸಿ, ಎಂಟು ಕಳೆದು, 4ರಲ್ಲಿರುವ ಫಾತಿಮಾಳಿಗೆ ಕ್ಲಿಕ್ ಮಾಡಿ ಮುಂದಿನ ಪ್ರಶ್ನೆಗೆ ಹೋಗಬಹುದಿತ್ತು.